ಬಾಯಿ ಮುಚ್ಚಿದ ಶೈಲಕ್ಕ

ಚಿಕ್ಕೋಡಿ ಕೋರ್ಟಿನ ಹಿಂದಿನ ಓಣಿಯಲ್ಲಿ ನಿಂತು ರುಕ್ಮವ್ವನ ಖಾನಾವಳಿ ಯಾವುದೆಂದು ಕೇಳಿದರೆ ಕರಿಕೋಟಿನವರೂ ತೋರಿಸುತ್ತಾರೆ, ಕಟ್ಟೆಯ ಮೇಲೆ ಕೂತ ಕಕ್ಷಿದಾರರೂ ತೋರಿಸುತ್ತಾರೆ. ರುಕ್ಮವ್ವ ತೀರಿಕೊಂಡು ಹನ್ನೊಂದು ವರ್ಷವಾಯಿತು. ಹೆಸರು ಮಾತ್ರ ಹೋಗಿಲ್ಲ. ಈಗ ಖಾನಾವಳಿ ನಡೆಸುವವಳು ಅವಳ ಸೊಸೆ ಶೈಲಾ. ಶೈಲಾಳ ಗಂಡ ಮಲ್ಲೇಶ ಸಂತೆ ಮಾಡುತ್ತಾನೆ, ಸಿಲಿಂಡರ್ ಬದಲಿಸುತ್ತಾನೆ, ಹಿಂದಿನ ಕೋಣೆಯಲ್ಲಿ ಕೂತು ಉಳ್ಳಾಗಡ್ಡಿ ಹೆಚ್ಚುತ್ತಾನೆ. ಮಾತಾಡುವ ಕೆಲಸವನ್ನು ಮದುವೆಯಾದ ವಾರದಲ್ಲೇ ಹೆಂಡತಿಗೆ ಬಿಟ್ಟುಕೊಟ್ಟಿದ್ದಾನೆ.

ಶೈಲಾ ಆ ಕೆಲಸವನ್ನು ಎಂದೂ ಅರ್ಧಕ್ಕೆ ನಿಲ್ಲಿಸಿದವಳಲ್ಲ. ಬೆಳಿಗ್ಗೆ ಹಿಟ್ಟಿನ ಡಬ್ಬಿಯ ಮುಚ್ಚಳದ ಜೊತೆಗೇ ಅವಳ ಬಾಯಿಯೂ ತೆರೆಯುತ್ತಿತ್ತು. ರಾಯಬಾಗದಿಂದ ಹೊಲದ ಪಾಲು ಕೇಳುವ ವಾಟ್ಣಿಯ ದಾವೆಗೆಂದು ಬಂದ ರೈತನಿಗೆ ಝುಣಕ ಬಡಿಸುತ್ತಲೇ, ದಾವೆ ಹೇಗೆ ನಡೆಸಬೇಕೆಂದು ಹೇಳಿಬಿಡುತ್ತಿದ್ದಳು. ದಾವೆ ಏನೆಂದು ಕೇಳುವುದು ಆಮೇಲೆ. ಅವಳ ಮಾತು ಯಾರಿಗೂ ಬೇಸರ ತರುತ್ತಿರಲಿಲ್ಲ ಎನ್ನುವುದು ಸುಳ್ಳು. ಆದರೆ ಅವಳ ಪುಂಡಿಪಲ್ಯ ಎಂಥದಿತ್ತೆಂದರೆ, ಬೇಸರವಾದವರು ಕೂಡ ಮರುದಿನ ಬಂದು ಅದೇ ಜಾಗದಲ್ಲಿ ಕೂರುತ್ತಿದ್ದರು.

ಈ ಸಲ ದೀಪಾವಳಿಗೆ ಖಾನಾವಳಿಗೆ ಬಣ್ಣ ಬಳಿಸಿದರು. ಬಾಗಿಲೆದುರಿನ ಗೋಡೆಯ ಮೇಲಿದ್ದ ರುಕ್ಮವ್ವನ ಫೋಟೋವನ್ನು ಇಳಿಸಿ, ಒರೆಸಿ, ಮತ್ತೆ ಮೊಳೆಗೆ ಹಾಕುವಾಗ ಶೈಲಾಳ ತಲೆಗೊಂದು ವಿಚಾರ ಬಂತು. ಅತ್ತೆಯ ಫೋಟೋ ಎರಡು ಫೂಟು ಉದ್ದ, ಒಂದೂವರೆ ಫೂಟು ಅಗಲ. ಅದರ ಪಕ್ಕದ ಗೋಡೆ ಖಾಲಿ. ಹನ್ನೊಂದು ವರ್ಷ ಒಲೆಯ ಮುಂದೆ ಬೆವರು ಸುರಿಸಿದವಳು ತಾನು; ಬಂದವರೆಲ್ಲ ಕೈ ಮುಗಿಯುವುದು ಅತ್ತೆಗೆ.

"ಹಂಗಾರ ಒಂದ್ ಫೋಟೋ ತಗಸಿ ಹಾಕಬೇ," ಎಂದಳು ಅಕ್ಕವ್ವ. ಅಕ್ಕವ್ವನಿಗೆ ಅರವತ್ತು ದಾಟಿದೆ. ರುಕ್ಮವ್ವನ ಕಾಲದಿಂದ ಅಲ್ಲಿ ರೊಟ್ಟಿ ಬಡಿಯುವವಳು. ಶೈಲಾ ಮದುಮಗಳಾಗಿ ಬಂದದ್ದನ್ನು ಕಂಡವಳಾದ್ದರಿಂದ ಅವಳಿಗೆ ಶೈಲಾ ಒಡತಿಯಲ್ಲ, ಶೈಲವ್ವ.

"ಬದುಕಿದವರ ಫೋಟೋ ಗ್ವಾಡಿಗೆ ಹಾಕಿದ್ರ ಸತ್ತವರಂಗ ಕಾಣತೈತಿ," ಎಂದಳು ಶೈಲಾ. "ಬಣ್ಣದಾಗ ಬರಿಸಿದ್ದು ಬ್ಯಾರೆ. ರಾಣಿಗೋಳ್ದು ಇರತೈತಲ್ಲ, ಹಂಗ. ನಮ್ಮ ಉಜ್ವಲಾ ಇದ್ದಾಳಲ್ಲ, ಯಾಕ ಇದ್ದಾಳು ಮತ್ತ?"

ಉಜ್ವಲಾ ಹಾರೂಗೇರಿಯ ಹೈಸ್ಕೂಲೊಂದರಲ್ಲಿ ಡ್ರಾಯಿಂಗ್ ಟೀಚರ್. ತವರು ನಿಪ್ಪಾಣಿ. ಹದಿನಾರು ವರ್ಷದ ಹಿಂದೆ ಚಿಕ್ಕೋಡಿಯಲ್ಲಿ ಒಂದು ಕೋಣೆ ಹಿಡಿದು, ಊಟಕ್ಕೆಂದು ಈ ಖಾನಾವಳಿಗೆ ಬಂದವಳು. ಮೊದಲ ತಿಂಗಳು ಮುಂಬಾಗಿಲಿನಿಂದ ಬರುತ್ತಿದ್ದಳು, ಎರಡನೇ ತಿಂಗಳಿನಿಂದ ಹಿಂಬಾಗಿಲಿನಿಂದ. ಸಂಜೆ ಹಾರೂಗೇರಿ ಬಸ್ಸು ಇಳಿದವಳು ಸೀದಾ ಅಡುಗೆಕೋಣೆಗೆ ಬಂದು, ಎಣ್ಣೆಯ ಖಾಲಿ ಡಬ್ಬಿ ಮಗುಚಿ ಅದರ ಮೇಲೆ ಕೂತು ಚಹಾ ಕುಡಿಯುತ್ತಿದ್ದಳು. ಮದುವೆಯ ಗೋಜಿಗೆ ಹೋಗಲಿಲ್ಲ. ಅವಳ ಕೋಣೆಯ ತುಂಬ ಚಿತ್ರ. ಮಂಚದ ಅರ್ಧದಲ್ಲಿ ಚಿತ್ರ ಮಲಗುತ್ತಿದ್ದವು, ಉಳಿದರ್ಧದಲ್ಲಿ ಅವಳು.

"ನಂದೊಂದು ಚಿತ್ರ ಬರಿಬೇ," ಎಂದು ಶೈಲಾ ಹೇಳಿದ ಕೂಡಲೇ ಉಜ್ವಲಾ ಒಪ್ಪಿದಳು.

"ಬರೀತೀನಿ ಗ. ಆದ್ರ ಸುಮ್ಮನ ಕುಂದರಬೇಕು."

"ಕುಂದರ್ತೀನಿ. ಅದೇನ್ ದೊಡ್ಡ ಕೆಲಸ?"

ದೊಡ್ಡ ಕೆಲಸವೇ ಆಯಿತು. ಮೊದಲ ಭಾನುವಾರ ಶೈಲಾ ಮದುವೆಯ ರೇಷ್ಮೆ ಸೀರೆ ಉಟ್ಟು, ಮೂಗಿಗೆ ಮುತ್ತಿನ ನತ್ತು ಇಟ್ಟು, ಉಜ್ವಲಾಳ ಕೋಣೆಗೆ ಹೋದಳು. ಕುರ್ಚಿಯಲ್ಲಿ ನೆಟ್ಟಗೆ ಕೂತಳು. ಉಜ್ವಲಾ ಬ್ರಷ್ ಎತ್ತುವುದಕ್ಕೂ ಶೈಲಾಳಿಗೆ ಅಥಣಿಯ ಚಿಕ್ಕಮ್ಮನ ಮನೆಯ ಎಮ್ಮೆ ನೆನಪಾಗುವುದಕ್ಕೂ ಸರಿಹೋಯಿತು. ಎಮ್ಮೆಯ ಕಥೆ ಮುಗಿಯುವ ಹೊತ್ತಿಗೆ ಅರ್ಧ ಗಂಟೆ ಆಗಿತ್ತು. ಹಲಗೆಯ ಮೇಲೆ ಒಂದು ನತ್ತು ಮಾತ್ರ ಬಂದಿತ್ತು.

"ಶೈಲೂ, ಬಾಯಿ ಮುಚ್ಚ."

"ಮುಚ್ಚೀನಲ್ಲ. ಮುಚ್ಚೀನಿ ಅಂತ ಹೇಳಾಕ ತಗದೆ."

ಎರಡನೇ ಭಾನುವಾರ ಉಜ್ವಲಾ ಅವಳ ಬಾಯಿಗೆ ಒಂದು ಬೆಲ್ಲದ ಉಂಡೆ ಹಾಕಿ ಕೂರಿಸಿದಳು. ಶೈಲಾ ಬೆಲ್ಲವನ್ನು ಒಂದು ದವಡೆಗೆ ಸರಿಸಿ, ಇನ್ನೊಂದು ದವಡೆಯಿಂದ ಬೆಲ್ಲದ ದರದ ಬಗ್ಗೆ ಮಾತಾಡಿದಳು. ಮೂರನೇ ಭಾನುವಾರ ಉಜ್ವಲಾ ಹಲಗೆಯ ಮೇಲಿನ ಬಣ್ಣವನ್ನೆಲ್ಲ ಚಾಕುವಿನಿಂದ ಕೆರೆದು ತೆಗೆದಳು.

"ಹೋಗ ಮನಿಗೆ. ನೀ ಇಲ್ಲದಾಗ ಬರೀತೀನಿ. ನಿನ್ನ ಮಾರಿ ನನಗ ಪಾಠ ಆಗೇತಿ."

ಹದಿನೈದು ದಿನ ಬಿಟ್ಟು ಚಿತ್ರ ಬಂತು. ಉಜ್ವಲಾ ಅದನ್ನು ವ್ಯಾನಿಟಿ ಬ್ಯಾಗಿನಿಂದ ತೆಗೆದಾಗಲೇ ಶೈಲಾ ಗೋಡೆಯ ಕಡೆ ನೋಡಿದಳು. ಎರಡು ಫೂಟಿನ ರುಕ್ಮವ್ವನ ಪಕ್ಕ ತೂಗುಹಾಕುವ ಚಿತ್ರ ವ್ಯಾನಿಟಿ ಬ್ಯಾಗಿನಲ್ಲಿ ಹೇಗೆ ಹಿಡಿಯಿತು?

ಪ್ಲೈವುಡ್ಡಿನ ಒಂದು ತುಂಡು. ಅಂಗೈಯಷ್ಟು. ಬೆರಳು ಬಿಟ್ಟು ಲೆಕ್ಕ ಹಾಕಿದರೂ ನಡೆದೀತು. ರೇಷ್ಮೆ ಸೀರೆ ಇಲ್ಲ, ನತ್ತು ಇಲ್ಲ. ಮಾಸಿದ ಹಸಿರು ನೂಲಿನ ಸೀರೆಯುಟ್ಟ ಒಬ್ಬ ಹೆಂಗಸು. ಮುಂಗೈಗೆ ಜೋಳದ ಹಿಟ್ಟು ಮೆತ್ತಿಕೊಂಡಿದೆ. ಆ ಕೈಯನ್ನು ಗಲ್ಲಕ್ಕೆ ಆನಿಸಿ, ತಲೆಯನ್ನು ಒಂದಿಷ್ಟು ವಾಲಿಸಿ, ಚಿತ್ರದ ಹೊರಗೆ ಕೂತ ಯಾರನ್ನೋ ನೋಡುತ್ತಿದ್ದಾಳೆ. ಬಾಯಿ ಮುಚ್ಚಿದೆ.

ಶೈಲಾ ಅದನ್ನು ಹತ್ತಿರ ಹಿಡಿದು ನೋಡಿದಳು, ದೂರ ಹಿಡಿದು ನೋಡಿದಳು, ಕಿಟಕಿಯ ಬೆಳಕಿಗೆ ಒಯ್ದಳು.

"ಇದ್ಯಾರಬೇ?"

"ನೀನ."

"ನಾ? ನಾ ಹಿಂಗ ಅದೀನೇನು? ಯಾರೋ ಮನಿ ಕಳಕೊಂಡಾಕಿಯಂಗ ಕುಂತಾಳು. ಇಷ್ಟ ಸಣ್ಣದು ಯಾಕ ಮಾಡಿದಿ? ನಮ್ಮತ್ತಿ ಎರಡು ಫೂಟು, ನಾ ಒಂದು ಗೇಣೂ ಇಲ್ಲ!"

ಉಜ್ವಲಾ ನಕ್ಕಳು. ಗೆಳತಿ ಬರೆದದ್ದನ್ನು ಹಾಗೇ ಒಳಗಿಡುವುದು ಸರಿಯಲ್ಲವೆಂದು ಶೈಲಾ ಅದನ್ನು ಅತ್ತೆಯ ಫೋಟೋದ ಪಕ್ಕ ತೂಗುಹಾಕಿಸಿದಳು. ಮೊಳೆ ಹೊಡೆದ ಮಲ್ಲೇಶ ಎರಡು ಹೆಜ್ಜೆ ಹಿಂದೆ ಸರಿದು ಅದನ್ನೇ ನೋಡುತ್ತ ನಿಂತ. ಆಮೇಲೆ ಉಳ್ಳಾಗಡ್ಡಿ ಹೆಚ್ಚಲು ಹೋದ.

ಮರುದಿನದಿಂದ ಶೈಲಾಳಿಗೆ ಶನಿ ಕಾಟ ಶುರುವಾಯಿತು. ಊಟಕ್ಕೆ ಬಂದವರು ಒಬ್ಬರೂ ಚಿತ್ರ ನೋಡಿ "ಇದು ನೀವಲ್ರಿ?" ಎನ್ನಲಿಲ್ಲ.

"ಶೈಲಕ್ಕ, ಇದು ನಿಮ್ಮ ತಂಗಿದೇನ್ರಿ?" ಎಂದರು ಒಬ್ಬರು.

"ರುಕ್ಮವ್ವ ಸಣ್ಣಾಕಿದ್ದಾಗಿಂದಿರಬೇಕು," ಎಂದರು ಇನ್ನೊಬ್ಬರು.

ಜಾಫರಸಾಬ ವಕೀಲರು ಕನ್ನಡಕ ಏರಿಸಿ ಐದು ನಿಮಿಷ ನೋಡಿದರು. ಹದಿನೆಂಟು ವರ್ಷದಿಂದ ಮಧ್ಯಾಹ್ನದ ಊಟಕ್ಕೆ ಅಲ್ಲಿಗೇ ಬರುತ್ತಿದ್ದ ಹಿರಿಯರು ಅವರು. "ಮೂಗು ನಿಮ್ಮದ ಐತ್ರಿ ಅಕ್ಕಾ," ಎಂದರು. "ಕಣ್ಣೂ ಒಂದೀಟು ನಿಮ್ಮವ. ಆದ್ರ ಬಾಯಿ ಮುಚ್ಚೇತಲ್ರಿ. ಹಂಗಾಗಿ ನೀವು ಅನ್ನಾಕ ಧೈರ್ಯ ಆಗವಲ್ದು."

ಖಾನಾವಳಿಯೆಲ್ಲ ನಕ್ಕಿತು. ಶೈಲಾಳೂ ನಕ್ಕಳು. ಆದರೆ ಒಂದು ವಾರ ದಿನಕ್ಕೆ ಹತ್ತು ಸಲ ಅದೇ ನಗೆಯಾದಾಗ ಅವಳಿಗೆ ನಗು ಬರಲಿಲ್ಲ. ಸಂಜೆ ಉಜ್ವಲಾ ಬಂದು ಡಬ್ಬಿಯ ಮೇಲೆ ಕೂತ ಕೂಡಲೇ ಸಿಟ್ಟೆಲ್ಲ ಅವಳ ಮೇಲೆ ಹೋಯಿತು.

"ಊರ ಮಂದಿ ಮುಂದ ನನ್ನ ಹಗರಣ ಮಾಡಿದಿ. ನಾ ಏನ್ ಮುನಸಿಪಾಲ್ಟಿ ಆಫೀಸಿನ್ಯಾಗ ಅರ್ಜಿ ಹಿಡಕೊಂಡು ನಿಂತಾಕಿ ಏನು, ಹಿಂಗ ಸಪ್ಪ ಮಾರಿ ಮಾಡಾಕ? ಬರಿಯಾಕ ಬರದಿದ್ರ ಬರೂದಿಲ್ಲ ಅನ್ನಬೇಕಿತ್ತು."

ಬಾಯಿ ತಪ್ಪಿ ಬಂದ ಮಾತು. ಬಂದ ಮೇಲೆ ಶೈಲಾಳಿಗೇ ಅದು ಕಾಲ ಮೇಲೆ ಬಿದ್ದ ಒಳಕಲ್ಲಿನ ಹಾಗೆ ಅನ್ನಿಸಿತು. ಉಜ್ವಲಾ ಅರ್ಧ ಕುಡಿದ ಚಹಾದ ಕಪ್ಪು ಕೆಳಗಿಟ್ಟಳು. "ಬರೋಬರಿ ಐತಿ ಬಿಡು," ಎಂದು ಎದ್ದು ಹೋದಳು.

ಮರುದಿನ ಸಂಜೆ ಅವಳು ಬರಲಿಲ್ಲ. ಅದರ ಮರುದಿನವೂ ಇಲ್ಲ. ಶೈಲಾ ಎಣ್ಣೆಡಬ್ಬಿಯನ್ನು ಅತ್ತ ಇತ್ತ ಸರಿಸಿದಳು. ಬೇರೆ ಯಾರಾದರೂ ಅದರ ಮೇಲೆ ಕೂರಲು ಹೋದರೆ ಎಬ್ಬಿಸಿದಳು. ಮೂರನೇ ದಿನ ಮಲ್ಲೇಶನ ಕೈಯಲ್ಲಿ ಡಬ್ಬಿಯೂಟ ಕಳಿಸಿದಳು. ಮಲ್ಲೇಶ ಡಬ್ಬಿ ಕೊಟ್ಟು ಬಂದ. ಅವಳು ಏನಂದಳೆಂದು ಶೈಲಾ ನಾಲ್ಕು ಸಲ ಕೇಳಿದಳು. "ಇಸಗೊಂಡ್ಳು," ಎಂದ ಮಲ್ಲೇಶ.

ಐದನೇ ದಿನ ಕೋರ್ಟಿನಲ್ಲಿ ಜಡ್ಜ್ ಸಾಹೇಬರು ರಜೆ. ಎಲ್ಲ ಕೇಸಿಗೂ ಮುಂದಿನ ತಾರೀಖು ಬಿದ್ದು, ಹನ್ನೊಂದೂವರೆಗೇ ವಕೀಲರು ಖಾನಾವಳಿ ಸೇರಿದ್ದರು. ಹಸಿವು ಇನ್ನೂ ಆಗಿರಲಿಲ್ಲ, ಹೊತ್ತು ಹೋಗಬೇಕಿತ್ತು. ಆಗ ಶಾಲೆಗೆ ರಜೆ ಹಾಕಿದ್ದ ಉಜ್ವಲಾ ಬಂದಳು. ಹಿಂಬಾಗಿಲಿನಿಂದಲ್ಲ, ಮುಂಬಾಗಿಲಿನಿಂದ. ಯಾರ ಕಡೆಗೂ ನೋಡದೆ ಸೀದಾ ಗೋಡೆಯ ಹತ್ತಿರ ಹೋಗಿ ಚಿತ್ರಕ್ಕೆ ಕೈ ಹಾಕಿದಳು.

"ಏನ್ ಮಾಡಾಕತ್ತಿಬೇ?" ಎಂದು ಶೈಲಾ ಕೂಗಿದಳು.

"ನಿಂದಲ್ಲಂದಿ ಅಲ್ಲ? ಯಾರದೋ ಚಿತ್ರ ನಿಮ್ಮ ಗ್ವಾಡಿ ಮ್ಯಾಲ ಯಾಕ? ಒಯ್ತೀನಿ."

"ಕೊಟ್ಟಿದ್ದನ್ನ ಒಯ್ಯಾಕ ಬರಂಗಿಲ್ಲ!"

"ನಿಂದಲ್ಲದ್ದನ್ನ ಇಟಗೋಳಾಕೂ ಬರಂಗಿಲ್ಲ!"

ವಕೀಲರ ಕಿವಿ ನೆಟ್ಟಗಾದವು. ಆಸ್ತಿ, ಕಬಜಾ, ತಕರಾರು ಎಲ್ಲವೂ ಒಂದೇ ಮಾತಿನಲ್ಲಿ ಸಿಕ್ಕಿತ್ತು. ಮೊದಲು ಎದ್ದು ನಿಂತವರು ಬಾಬಾಸಾಹೇಬರು. ಅವರು ಕೋರ್ಟಿನ ನಿವೃತ್ತ ಶಿರಸ್ತೇದಾರರು. ಮೂವತ್ನಾಲ್ಕು ವರ್ಷ ನ್ಯಾಯಾಧೀಶರ ಕುರ್ಚಿಯ ಕೆಳಗಿನ ಮೇಜಿನಲ್ಲಿ ಕೂತು ಬೆನ್ನು ಬಾಗಿತ್ತು. ಮೇಲಿನ ಕುರ್ಚಿಯ ಮೇಲೆ ಒಂದು ಕಣ್ಣು ಹಾಗೇ ಉಳಿದಿತ್ತು.

"ಗಪ್ಪ ಕುಂದರ್ರಿ ಎಲ್ಲಾರೂ," ಎಂದು ದುಡ್ಡಿನ ಗಲ್ಲೆಯ ಹಿಂದಿನ ಕುರ್ಚಿಗೆ ಹೋಗಿ ಅವರು ಆಸೀನರಾದರು. "ಇವತ್ತ ಸಾಹೇಬ್ರು ರಜಾ ಅದಾರ. ಈ ಫಿರ್ಯಾದು ನಾನ ತಗೊಳ್ತೀನಿ. ಜಾಫರಸಾಬ್ರ, ನೀವು ಶೈಲಕ್ಕನ ಕಡೆ. ವಿಕ್ರಾಂತ, ನೀ ಟೀಚರ್ ಕಡೆ."

ವಿಕ್ರಾಂತ ಸನ್ನದು ಪಡೆದು ಎರಡು ವರ್ಷವಾದ ಹುಡುಗ. ಅವನಿಗೆ ಅದುವರೆಗೆ ತಾರೀಖು ತೆಗೆದುಕೊಳ್ಳುವುದು ಬಿಟ್ಟು ವಾದ ಮಾಡುವ ಯೋಗ ಕೂಡಿ ಬಂದಿರಲಿಲ್ಲ. ಕೂಡಲೇ ಕೋಟಿನ ಗುಂಡಿ ಹಾಕಿಕೊಂಡ.

ಶೈಲಾಳಿಗೆ ಇದು ಬೇಡವಾಗಿತ್ತು. ಉಜ್ವಲಾ ಎದುರು ಬಂದಳಲ್ಲ, ಒಳಗೆ ಕರೆದುಕೊಂಡು ಹೋಗಿ ಬಿಸಿ ರೊಟ್ಟಿ ಹಾಕಿದ್ದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತಿತ್ತು. ಆದರೆ ಇಪ್ಪತ್ತು ಜನರೆದುರು ಹಿಂದೆ ಸರಿದರೆ ಮರ್ಯಾದೆ ಉಳಿಯುವುದಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತಳು.

ಜಾಫರಸಾಬರು ನಿಧಾನವಾಗಿ ಎದ್ದರು. "ಸ್ವಾಮಿ, ನನ್ನ ಕಕ್ಷಿದಾರರು ಹೇಳೂದು ಇಷ್ಟ. ಈ ಚಿತ್ರ ಅವರದಲ್ಲ. ಇದಕ್ಕ ನಾನ ಸಾಕ್ಷಿ. ಹದಿನೆಂಟು ವರ್ಷ ಇಲ್ಲಿ ಊಟ ಮಾಡೀನಿ. ಈ ಬಾಯಿ ಮುಚ್ಚಿದ್ದನ್ನ ಒಂದ ದಿನಾನೂ ನೋಡಿಲ್ಲ. ಚಿತ್ರದಾಗ ಮುಚ್ಚೇತಿ. ಅಂದ ಮ್ಯಾಲ ಇವ್ರು ಬ್ಯಾರೆ, ಅವ್ರು ಬ್ಯಾರೆ."

"ನೀವು ನನ್ನ ಕಡೆ ಅದೀರೋ, ಆಕಿ ಕಡೆ ಅದೀರೋ?" ಎಂದಳು ಶೈಲಾ.

"ಕಕ್ಷಿದಾರರು ನಡುವ ಮಾತಾಡಬಾರದು," ಎಂದರು ಬಾಬಾಸಾಹೇಬರು.

ವಿಕ್ರಾಂತ ಚಿತ್ರದ ಹತ್ತಿರ ಹೋಗಿ ಬೆರಳು ಮಾಡಿ ತೋರಿಸಿದ. ಎಡಗಿವಿಯ ಕೆಳಗಿನ ಮಚ್ಚೆ ಚಿತ್ರದಲ್ಲಿದೆ, ಶೈಲಕ್ಕನಿಗೂ ಇದೆ. ಹುಬ್ಬಿನ ನಡುವಿನ ಸುಟ್ಟ ಕಲೆ ಚಿತ್ರದಲ್ಲಿದೆ, ಶೈಲಕ್ಕನಿಗೂ ಇದೆ. ಶೈಲಾ ತನಗರಿವಿಲ್ಲದೆ ಹುಬ್ಬು ಮುಟ್ಟಿ ನೋಡಿಕೊಂಡಳು. ಅಂಗೈಯಷ್ಟು ಹಲಗೆಯಲ್ಲಿ ಅಷ್ಟೆಲ್ಲ ಇದೆಯೆಂದು ಅವಳು ಗಮನಿಸಿರಲೇ ಇಲ್ಲ. ನೋಡಿದ್ದು ಸೀರೆಯನ್ನು, ಇಲ್ಲದ ನತ್ತನ್ನು, ಅಳತೆಯನ್ನು.

"ಮಚ್ಚಿ ಯಾರಿಗಾದ್ರೂ ಇರತಾವ," ಎಂದರು ಜಾಫರಸಾಬರು. "ಪ್ರಶ್ನೆ ಇರೂದು ಮಾರಿ ಭಾವದ ಮ್ಯಾಲ."

ಬಾಬಾಸಾಹೇಬರು ಉಜ್ವಲಾಳ ಕಡೆಗೆ ತಿರುಗಿದರು. "ಟೀಚರ್, ನೀವು ಹೇಳ್ರಿ. ಶೈಲಕ್ಕನ ಈ ಮಾರಿ ನೀವು ಎಲ್ಲಿ, ಯಾವಾಗ ನೋಡಿದ್ರಿ? ಇಲ್ಲಾ ಮನಸ್ಸಿನಿಂದ ಹುಟ್ಟಿಸಿ ಬರದೀರೋ? ಅನ್ನದ ಮುಂದ ನಿಂತೀರಿ, ಸುಳ್ಳು ಹೇಳಬ್ಯಾಡ್ರಿ."

ಉಜ್ವಲಾ ಅಡುಗೆಕೋಣೆಯ ಕಡೆಗೊಮ್ಮೆ ಕಣ್ಣು ಹಾಯಿಸಿ ಕೆಳಗೆ ನೋಡಿದಳು. ಆ ನೋಟದಿಂದಲೇ ಶೈಲಾಳಿಗೆ ಥಟ್ಟನೆ ಹೊಳೆಯಿತು, ಯಾವ ದಿನದ ಮುಖ ಅದು ಎಂದು. ಮಾಸಿದ ಹಸಿರು ಸೀರೆ. ಶ್ರಾವಣ. ಆ ದಿನದ ವಿಷಯ ಇಲ್ಲಿ ಏಳಬಾರದು. ಕಣ್ಣು ಮಿಟುಕಿಸಿದಳು, ಕೆಮ್ಮಿದಳು, ತಲೆ ಅಲ್ಲಾಡಿಸಿದಳು.

ಉಜ್ವಲಾ ಅದನ್ನು ಬೇರೆಯಾಗಿಯೇ ತಿಳಿದಳು. ಹೇಳು ಎನ್ನುತ್ತಿದ್ದಾಳೆ ಎಂದುಕೊಂಡಳು.

"ಎರಡು ವರ್ಷದ ಹಿಂದಿನ ಮಾತ್ರಿ," ಎಂದು ಶುರು ಮಾಡಿದಳು. "ಕೊಲ್ಲಾಪುರದಾಗ ಒಂದು ಪ್ರದರ್ಶನ ಇತ್ತು. ಹನ್ನೆರಡು ಚಿತ್ರ ಕಳಿಸಿದ್ದೆ. ಹನ್ನೆರಡೂ ಪರತ ಬಂದೂವು. ಒಂದರ ಹಗ್ಗ ಸೈತ ಬಿಚ್ಚಿರಲಿಲ್ಲ. ನೋಡೇ ಇಲ್ಲ ಅವ್ರು. ಟೆಂಪೋದಾಂವ ಗೋಣಿಚೀಲ ಇಳಿಸಿದಂಗ ಓಣ್ಯಾಗ ಇಳಿಸಿ ಹ್ವಾದ. ನಾ ಇಲ್ಲಿಗೆ ಬಂದೆ. ನಾಲ್ಕು ಗಂಟೆ ಆಗಿತ್ತು. ಇನ್ನ ಬ್ರಷ್ ಮುಟ್ಟಂಗಿಲ್ಲ, ಎಲ್ಲಾ ಸುಟ್ಟ ಹಾಕ್ತೀನಿ ಅಂದೆ. ನಮ್ಮಪ್ಪ ಅಂದಿದ್ದು, ನಮ್ಮಣ್ಣ ಅಂದಿದ್ದು, ಸಾಲ್ಯಾಗ ಅಂದಿದ್ದು, ಹುಟ್ಟಿದಾಗಿಂದ ಇದ್ದದ್ದೆಲ್ಲಾ ಹೇಳಿದೆ. ಆರು ಗಂಟೆ ತನಕ ಹೇಳಿದೆ. ಇಕಿ ಎದುರಿಗೆ ಕುಂತು ಕೇಳಿದಳು. ಒಂದು ಮಾತು ಆಡಲಿಲ್ರಿ. ಒಲಿ ಮ್ಯಾಲ ಬ್ಯಾಳಿ ಇತ್ತು. ಹೊತ್ತಿದ ವಾಸನಿ ನನಗೂ ಬಂತು. ಏಳತಾಳು ಅಂತ ನಾ ತಿಳಕೊಂಡೆ. ಏಳಲಿಲ್ಲ. ಅದ ಮಾರಿರಿ ಇದು."

ನೀರು ಕುಡಿಯುತ್ತಿದ್ದವರು ಲೋಟ ಕೆಳಗಿಡಲಿಲ್ಲ.

ಆಮೇಲೆ ಬಾಬಾಸಾಹೇಬರು ಗಲ್ಲೆಯ ಮೇಲೆ ಕೈ ಬಡಿದರು. "ಹೌದು! ಶ್ರಾವಣದಾಗ ಒಂದಿನಾ ಬ್ಯಾಳಿ ಹೊತ್ತಿತ್ತು!"

"ಹೊತ್ತಿತ್ತ್ರಿ," ಎಂದರು ಜಾಫರಸಾಬರು. "ಆ ದಿವಸ ನಾ ರಾತ್ರಿ ಊಟ ಕಟ್ಟಿಸಿಕೊಂಡು ಹೋಗಿದ್ದೆ. ನಮ್ಮ ಮನ್ಯಾಗ ಬೀಬಿಜಾನ ಬಾಯಿಗಿಟ್ಟು, ಬ್ಯಾಳಿಯೊಳಗ ಇದ್ದಲಿ ಹಾಕ್ಯಾರೇನು ಅಂತ ಕೇಳಿದ್ಳು. ಮರುದಿನ ನಾ ಇಲ್ಲಿ ಬಂದು ಕೇಳಿದ್ರ ಶೈಲಕ್ಕ..." ಅಷ್ಟಕ್ಕೆ ನಿಲ್ಲಿಸಿ ಅವರು ಅಡುಗೆಕೋಣೆಯ ಬಾಗಿಲ ಕಡೆ ನೋಡಿದರು.

ಬಾಗಿಲಲ್ಲಿ ಅಕ್ಕವ್ವ ನಿಂತಿದ್ದಳು. ಎರಡೂ ಕೈಗೆ ಹಿಟ್ಟು. ಕಣ್ಣು ಇಷ್ಟಗಲ.

"ಶೈಲವ್ವಾ," ಎಂದಳು. "ನೀ ನನ್ನ ಮ್ಯಾಲ ಹಾಕಿದೆಲ್ಲಬೇ ಯವ್ವಾ!"

ಅದೇ ಆ ದಿನದ ಗುಟ್ಟು. ಅಂದು ಸಂಜೆ ಉಜ್ವಲಾ ಎದ್ದು ಹೋದ ಮೇಲೆ ಶೈಲಾ ಪಾತ್ರೆಯ ತಳ ನೋಡಿ ಹೌಹಾರಿದ್ದಳು. ಅಕ್ಕವ್ವ ಸಂತೆಯಿಂದ ಬಂದು ಆಗಷ್ಟೇ ಕಾಲು ತೊಳೆಯುತ್ತಿದ್ದಳು. ಊಟಕ್ಕೆ ಬಂದವರು ಕೇಳಿದಾಗ ಶೈಲಾಳ ಬಾಯಿಂದ "ಅಕ್ಕವ್ವಗ ವಯಸ್ಸಾತ್ರಿ, ಒಲಿ ಮ್ಯಾಲ ಲಕ್ಷ್ಯ ಇರೂದಿಲ್ಲ" ಎಂದು ಬಂದುಬಿಟ್ಟಿತ್ತು. ಗೆಳತಿ ಅತ್ತದ್ದನ್ನು ಹೊರಗೆ ಹೇಳುವ ಹಾಗಿರಲಿಲ್ಲ. ಬೇರೆ ಏನಾದರೂ ಹೇಳಬಹುದಿತ್ತು. ಆದರೆ ಅವಳ ಬಾಯಿ ಅವಳಿಗಿಂತ ಒಂದು ಹೆಜ್ಜೆ ಮುಂದೆ ನಡೆಯುವುದು ಹುಟ್ಟುಗುಣ.

ಅಕ್ಕವ್ವ ಬೆಂಚುಗಳ ನಡುವೆ ಬಂದು ನಿಂತಳು. "ಎರಡು ವರ್ಷ ಆತು! ಬ್ಯಾಳಿಗೆ ಉಪ್ಪು ಹೆಚ್ಚಾದ್ರ ಅಕ್ಕವ್ವ, ಪಲ್ಲೆ ತಳ ಹಿಡದ್ರ ಅಕ್ಕವ್ವ. ಮೂವತ್ತು ವರ್ಷ ರೊಟ್ಟಿ ಬಡದೀನಿ, ಒಂದ ರೊಟ್ಟಿ ಕರಕ್ ಮಾಡಿಲ್ಲ. ರುಕ್ಮವ್ವ ಸಾಯೂ ಮುಂದ ನನ್ನ ಕೈ ಹಿಡದು, ಒಲಿ ನಿನ್ನ ಕೈಯಾಗ ಬಿಟ್ಟ ಹೊಂಟೀನಿ ಅಂದಿದ್ಳು. ನಾ ನಮ್ಮ ಮಗಳ ಮನಿಗೆ ಕಾಗವಾಡಕ್ಕ ಹೋದ್ರ ನಮ್ಮ ಬೀಗತಿ, ಬೀಗತ್ಯಾರ ನೀವು ಕುಂದರ್ರಿ, ಒಲಿ ಕಡೆ ಬರಬ್ಯಾಡ್ರಿ ಅಂತಾಳು. ಯಾರು ಹೇಳಿದ್ರೋ ಅಲ್ಲಿ ತನಕ! ನಾ ಹೌದೇನೋ, ನನಗ ಮರವು ಬಂದೇತೇನೋ ಅಂತ ಡಾಕ್ಟರ ಕಡೆ ಹೋಗಿ ಗುಳಿಗಿ ತಗೊಂಡು ಬಂದೀನಲ್ಲಬೇ. ಎರಡು ವರ್ಷ ದಿನಾ ಒಂದು ಗುಳಿಗಿ ನುಂಗೀನಿ!"

ಅಕ್ಕವ್ವನ ಮಾತು ನಿಲ್ಲಲಿಲ್ಲ. ಶೈಲಾ ಅವಳೆದುರು ಬೆಂಚಿನ ತುದಿಗೆ ಕುಸಿದು ಕೂತಳು. ಗುಳಿಗೆಯ ವಿಷಯ ಅವಳಿಗೆ ಗೊತ್ತಿರಲಿಲ್ಲ. ಮುದುಕಿ ದಿನಾ ಬೆಳಿಗ್ಗೆ ಚಹಾದ ಜೊತೆ ಏನೋ ನುಂಗುವುದನ್ನು ನೋಡಿದ್ದಳು. ಶಕ್ತಿಯ ಗುಳಿಗೆ ಇರಬೇಕೆಂದು, ಶಕ್ತಿಯ ಗುಳಿಗೆಗಳ ಬಗ್ಗೆ ಅವಳಿಗೇ ಅರ್ಧ ಗಂಟೆ ಹೇಳಿದ್ದಳು. ಕೇಳಿರಲಿಲ್ಲ. ಈಗ ಕೇಳಿದಳು. ಬೀಗತಿಯ ಮಾತು ಕೇಳಿದಳು, ಡಾಕ್ಟರ ಹತ್ತಿರ ಒಬ್ಬಳೇ ಸರದಿಯಲ್ಲಿ ಕೂತದ್ದು ಕೇಳಿದಳು. ಸುತ್ತ ಯಾರಿದ್ದಾರೆನ್ನುವುದು ಮರೆತೇ ಹೋಯಿತು.

ಅಕ್ಕವ್ವ ಉಸಿರು ತೆಗೆದುಕೊಳ್ಳಲು ನಿಂತಾಗ ಶೈಲಾ ಗಮನಿಸಿದಳು: ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆ. ಮಗ್ಗುಲಲ್ಲಿ ವಿಕ್ರಾಂತ ನಿಂತಿದ್ದ. ಯಾವಾಗಲೋ ಗೋಡೆಯಿಂದ ಚಿತ್ರ ಬಿಚ್ಚಿಕೊಂಡು ಬಂದು ಅವಳ ಮುಖದ ಪಕ್ಕಕ್ಕೆ ಹಿಡಿದಿದ್ದ. ಶೈಲಾ ತನ್ನ ಕೈ ಎಲ್ಲಿದೆ ಎಂದು ನೋಡಿಕೊಂಡಳು. ಗಲ್ಲದ ಮೇಲಿತ್ತು. ತಲೆ ಎಡಕ್ಕೆ ವಾಲಿತ್ತು.

"ಯಾ ಅಲ್ಲಾ," ಎಂದರು ಜಾಫರಸಾಬರು ಮೆಲ್ಲಗೆ. "ಸ್ವಾಮಿ, ನಾ ನನ್ನ ವಾದ ಪರತ ತಗೋತೀನಿ."

ಮಲ್ಲೇಶ ಕೈಯಲ್ಲಿ ಚಾಕು ಹಿಡಿದೇ ಹೊರಗೆ ಬಂದಿದ್ದ. ಉಳ್ಳಾಗಡ್ಡಿಗೋ ಬೇರೆ ಯಾತಕ್ಕೋ, ಕಣ್ಣು ತೇವವಾಗಿದ್ದವು. "ನಾ ಮೊಳಿ ಹೊಡಿಯೂ ಮುಂದನ ಗುರ್ತ ಹಿಡದಿದ್ದೆ," ಎಂದ. "ನಮ್ಮಪ್ಪ ಸತ್ತಾಗ ನಾ ಮಾತಾಡಿದ್ನೆಲ್ಲ, ಆವಾಗ ಹಿಂಗ ಕುಂತಿದ್ಳು."

"ಮತ್ತ ಹೇಳಬಾರದೇನ್ರೀ ಇಷ್ಟು ದಿನಾ?" ಎಂದು ಶೈಲಾ ಗಂಡನ ಮೇಲೆ ಏರಿ ಹೋದಳು.

"ನೀ ಕೇಳಲಿಲ್ಲ."

ನಗೆ ಮೊದಲು ಉಜ್ವಲಾಳಿಂದ ಹೊರಟಿತು. ಆಮೇಲೆ ಇಡೀ ಖಾನಾವಳಿ ಹಿಡಿಸಲಾರದಷ್ಟು ನಕ್ಕಿತು. ಅಕ್ಕವ್ವ ಮಾತ್ರ ನಗಲಿಲ್ಲ. ಬಾಬಾಸಾಹೇಬರು ಗಂಟಲು ಸರಿಮಾಡಿಕೊಂಡು ತೀರ್ಪು ಕೊಟ್ಟರು. "ಚಿತ್ರ ಖರೇ ಐತಿ, ಶೈಲಕ್ಕಂದ ಐತಿ. ಫಿರ್ಯಾದು ವಜಾ. ಬ್ಯಾಳಿ ವಿಷಯದಾಗ ಅಕ್ಕವ್ವ ನಿರ್ದೋಷಿ. ಇವತ್ತ ಅಕ್ಕವ್ವ ಮುಂದಿನ ಬೆಂಚಿನ ಮ್ಯಾಲ ಕುಂತು ಊಟ ಮಾಡಬೇಕು. ಶೈಲಕ್ಕ ತನ್ನ ಕೈಲೆ ರೊಟ್ಟಿ ಬಡದು ಬಡಸಬೇಕು. ಕೋರ್ಟ್ ಬರಖಾಸ್ತ್."

ಶೈಲಾ ಅಕ್ಕವ್ವನ ಹಿಟ್ಟಿನ ಕೈಗಳನ್ನು ಹಿಡಿದುಕೊಂಡಳು. "ತಪ್ಪಾತಬೇ ಅಕ್ಕವ್ವ. ನಾ ಮಾಡಿದ್ದು ಘಾತ. ಕಾಗವಾಡಕ್ಕ ನಾನ ಬಂದು ನಿಮ್ಮ ಬೀಗತಿ ಮುಂದ ಹೇಳತೀನಿ. ಆ ಗುಳಿಗಿ ಇವತ್ತಿಂದ ಬಂದ್."

"ನೀ ಬಂದು ಹೇಳಿದ್ರ ಒಂದ ದಿನಕ್ಕ ಮುಗ್ಯಾಂಗಿಲ್ಲ," ಎಂದಳು ಅಕ್ಕವ್ವ ಸೆರಗಿನಿಂದ ಮೂಗು ಒರೆಸುತ್ತ. "ಚೀಟಿ ಬರದು ಕೊಡು ಸಾಕು."

ಮುಂದಿನ ಬೆಂಚಿನ ಮೇಲೆ ಕೂತು ಅವಳು ಐದು ರೊಟ್ಟಿ ತಿಂದಳು. ಮೊದಲನೇ ರೊಟ್ಟಿ ದಪ್ಪ ಎಂದಳು, ಎರಡನೆಯದರ ಅಂಚು ಒಡೆದಿದೆ ಎಂದಳು, ಮೂರನೆಯದು ಬೆಂದೇ ಇಲ್ಲ ಎಂದಳು. ನಾಲ್ಕನೆಯದಕ್ಕೆ ಏನೂ ಅನ್ನಲಿಲ್ಲ. ಐದನೆಯದನ್ನು ತಾನೇ ಕೇಳಿ ಹಾಕಿಸಿಕೊಂಡಳು.

ಸಂಜೆ ಉಜ್ವಲಾ ಹಿಂಬಾಗಿಲಿನಿಂದ ಬಂದು ಎಣ್ಣೆಡಬ್ಬಿಯ ಮೇಲೆ ಕೂತಳು. ಶೈಲಾ ಎರಡು ಕಪ್ಪು ಚಹಾ ಸೋಸಿದಳು. ಸ್ವಲ್ಪ ಹೊತ್ತು ಇಬ್ಬರೂ ಊದಿ ಊದಿ ಕುಡಿದರು.

"ಬರಿಯಾಕ ಬರೂದಿಲ್ಲ ಅಂದ್ನೆಲ್ಲ ನಾ," ಎಂದಳು ಶೈಲಾ. "ಅದನ್ನ ಮನಸ್ಸಿನ್ಯಾಗ ಇಟ್ಕೋಬ್ಯಾಡ."

"ಇಟ್ಕೊಂಡಿದ್ದೆ. ಮಧ್ಯಾಹ್ನ ತಗದೆ."

"ಆ ದಿನ ನಾ ಖರೇನ ಒಂದು ಮಾತೂ ಆಡಲಿಲ್ಲೇನು?"

"ಒಂದೂ ಇಲ್ಲ. ಶೈಲೂ, ಆ ದಿನ ನೀ ಎಲ್ಲಾರಂಗ, 'ಹೋಗ್ಲಿ ಬಿಡು, ಮುಂದಿನ ಸಲ ಆಗತೈತಿ' ಅಂದಿದ್ರ ನಾ ಮತ್ತ ಬ್ರಷ್ ಹಿಡೀತಿದ್ದಿಲ್ಲ. ನೀ ಎಷ್ಟು ತಿಳಕೊಂಡು ಸುಮ್ಮನ ಕುಂತಿದ್ದಿ ಅಂತ..."

ಶೈಲಾ ಕಪ್ಪು ಕೆಳಗಿಟ್ಟಳು. ಇವತ್ತು ಒಂದು ಸುಳ್ಳು ಬಯಲಾಗಿತ್ತು. ಇನ್ನೊಂದನ್ನು ಇಟ್ಟುಕೊಳ್ಳುವುದು ಬೇಡ ಅನ್ನಿಸಿತು.

"ತಿಳಕೊಂಡು ಅಲ್ಲಬೇ. ಚಿತ್ರದ ಬಗ್ಗೆ ನನಗ ಏನೂ ತಿಳಿಯಂಗಿಲ್ಲ. ಏನ್ ಹೇಳಬೇಕು ಅಂತ ಹೊಳೀಲಿಲ್ಲ. ಹೆದರಿಕಿ ಆಗಿತ್ತು ನನಗ. ಅದಕ್ಕ ಸುಮ್ಮನ ಕುಂತೆ."

ಉಜ್ವಲಾ ನಗುವ ರಭಸಕ್ಕೆ ಚಹಾ ಮೂಗಿಗೇರಿತು. ಕೆಮ್ಮಿ, ಕಣ್ಣು ಒರೆಸಿಕೊಂಡು, ಮತ್ತೆ ನಕ್ಕಳು. ಶೈಲಾ ಅವಳ ಬೆನ್ನು ತಟ್ಟಿದಳು.

"ಅದೆಲ್ಲಾ ಇರಲಿ. ಇಷ್ಟ ಸಣ್ಣದು ಯಾಕ ಮಾಡಿದಿ? ಅದನ್ನಾರ ಹೇಳ."

"ದೊಡ್ಡದು ಮಾಡಿದ್ರ ಮಂದಿ ಬಾಗಲದಾಗ ನಿಂತು ನೋಡಿ ಹೋಗ್ತಾರ. ಇದನ್ನ ನೋಡಾಕ ಹತ್ತಿರ ಬರಬೇಕು."

"ಹತ್ತಿರ ಬಂದ್ರ ಉಳ್ಳಾಗಡ್ಡಿ ವಾಸನಿ ಬಡೀತೈತಿ," ಎಂದಳು ಶೈಲಾ. ಆದರೆ ಅವಳಿಗೆ ಆ ಮಾತು ಹಿಡಿಸಿತ್ತು.

ಚಿತ್ರ ಮತ್ತೆ ರುಕ್ಮವ್ವನ ಪಕ್ಕಕ್ಕೆ ಹೋಗಲಿಲ್ಲ. ಶೈಲಾ ಅದನ್ನು ಅಡುಗೆಕೋಣೆಯಲ್ಲಿ, ಹಿಟ್ಟಿನ ಡಬ್ಬಿಯ ಮೇಲಿನ ಗೋಡೆಗೆ ಹಾಕಿಸಿದಳು. ಅದನ್ನು ನೋಡಬೇಕೆಂದು ಬಂದವರು ಒಲೆಯ ತನಕ ಬಂದು, ಹೊಗೆ ಕುಡಿದು, ನೋಡಿ ಹೋಗುತ್ತಾರೆ. ಮುಂದಿನ ಪ್ರದರ್ಶನಕ್ಕೆ ಕಳಿಸುತ್ತೇನೆ, ಒಂದು ತಿಂಗಳು ಕೊಡು ಎಂದು ಉಜ್ವಲಾ ಕೇಳಿದಾಗ ಶೈಲಾ ಖಡಾಖಂಡಿತ ಇಲ್ಲ ಎಂದಳು.

ಈಗ ಭಾನುವಾರ ಮಧ್ಯಾಹ್ನ ಉಜ್ವಲಾಳ ಕೋಣೆಯ ಕುರ್ಚಿಯಲ್ಲಿ ಅಕ್ಕವ್ವ ಕೂರುತ್ತಾಳೆ. ತನ್ನದೂ ಒಂದು ಚಿತ್ರ ಆಗಬೇಕೆಂದು ಅವಳೇ ಹಟ ಹಿಡಿದದ್ದು. ಕೂತರೆ ಗುಡಿಯ ಮುಂದಿನ ಕಲ್ಲಿನ ಬಸವಣ್ಣನ ಹಾಗೆ. ರೆಪ್ಪೆ ಬಡಿಯುವುದಿಲ್ಲ, ಉಸಿರು ಬಿಡುವುದೂ ಕಾಣುವುದಿಲ್ಲ. ಎರಡು ಭಾನುವಾರ ನೋಡಿ ಉಜ್ವಲಾ ಕೈ ಚೆಲ್ಲಿದಳು. ಮೂರನೆಯದಕ್ಕೆ ಶೈಲಾಳನ್ನು ಜೊತೆಗೆ ಕರೆದಳು.

"ಏನಾರ ಮಾತಾಡ ಗ ಶೈಲೂ. ಈ ಮಾರಿಗೆ ಒಂದೀಟು ಜೀವ ಬರಲಿ."

ಶೈಲಾ ಬಾಗಿಲಿಗೆ ಒರಗಿ ನಿಂತಳು. ಏನು ಹೇಳಿದರೆ ಆದೀತೆಂದು ನೋಡಿದಳು. "ಅಕ್ಕವ್ವ, ನಮ್ಮ ಹಿಂದಿನ ಓಣ್ಯಾಗ ಹೊಸಾದೊಂದು ಅಂಗಡಿ ಆಗೇತಂತ," ಎಂದಳು. "ಮಿಷನ್‌ನ್ಯಾಗ ರೊಟ್ಟಿ ಮಾಡ್ತಾರಂತ. ತಾಸಿಗೆ ಮುನ್ನೂರು. ಕೈರೊಟ್ಟಿಗಿಂತ ತೆಳ್ಳಗ, ಮೆತ್ತಗ ಇರತಾವಂತ."

ಅಕ್ಕವ್ವನ ಹುಬ್ಬು ಎರಡೂ ಒಟ್ಟಿಗೆ ಮೇಲೇರಿದವು. ಮೂಗಿನ ಹೊಳ್ಳೆ ಅರಳಿತು. ಒಂದು ಕೈ ತೊಡೆಯ ಮೇಲಿಂದ ತಾನೇ ಎದ್ದು ಗಾಳಿಯಲ್ಲಿ ನಿಂತಿತು.

"ಹಂಗ ಇರ್ರಿ, ಹಂಗ ಇರ್ರಿ ಅಕ್ಕವ್ವ!" ಎಂದು ಉಜ್ವಲಾ ಬ್ರಷ್ ಎತ್ತಿಕೊಂಡಳು.